ಉಲ್ಲೇಖದ ಎಣಿಕೆ ಮತ್ತು ಗ್ರಂಥಸಂಪಾದಕನ ಪಾಲು

ಪ್ರಾಚೀನ ಕಾವ್ಯವೊಂದನ್ನು ನಾಲ್ಕಾರು ಓಲೆಗರಿ ಪ್ರತಿಗಳ ನೆರವಿನಿಂದ ಸಂಪಾದಿಸಿ, ಪಾಠಾಂತರಗಳನ್ನು ಗುರುತಿಸಿ, ಪೀಠಿಕೆ ಹಾಗೂ ಶಬ್ದಕೋಶಗಳೊಡನೆ ಪ್ರಕಟಿಸಿದ ವಿದ್ವಾಂಸನಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಸಂಶೋಧನಾಂಕದ ಕೋಷ್ಟಕ ಎಷ್ಟು ಅಂಕಗಳನ್ನು ಕೊಟ್ಟಿತು? ಪ್ರಕಾಶಕರು ರಾಷ್ಟ್ರೀಯ ಮಟ್ಟದವರಾದರೆ 8, ಅಂತರರಾಷ್ಟ್ರೀಯ ಮಟ್ಟದವರಾದರೆ 10. ಅದೇ ಕೋಷ್ಟಕದಲ್ಲಿ ಮಾನವಿಕ ವಿಭಾಗದ ಅಧ್ಯಾಪಕನೊಬ್ಬ ಮಾನ್ಯತೆ ಪಡೆದ ನಿಯತಕಾಲಿಕೆಯಲ್ಲಿ ಬರೆದ ಒಂದು ಲೇಖನಕ್ಕೆ 10 ಅಂಕ. ಹತ್ತು ವರ್ಷಗಳ ಸಂಪಾದನೆ ಹತ್ತು ಪುಟಗಳ ಲೇಖನಕ್ಕಿಂತ ಎರಡು ಅಂಕ ಕಡಿಮೆ.

ಇದು ಯಾರದೋ ದುರುದ್ದೇಶದ ಫಲವಲ್ಲ. ಕೋಷ್ಟಕದಲ್ಲಿ 'ಗ್ರಂಥದ ಸಂಪಾದಕ' ಎಂಬ ಒಂದೇ ಸಾಲು ಇದೆ. ಅದನ್ನು ರಚಿಸಿದವರ ಮನಸ್ಸಿನಲ್ಲಿದ್ದುದು ವಿಚಾರಸಂಕಿರಣದಲ್ಲಿ ಮಂಡಿತವಾದ ಪ್ರಬಂಧಗಳನ್ನು ಒಟ್ಟುಗೂಡಿಸಿ, ಮುನ್ನುಡಿ ಬರೆದು ಅಚ್ಚಿಗೆ ಕೊಡುವ ಸಂಪಾದಕ. ಕನ್ನಡದಲ್ಲಿ ಈ ಎರಡು ಕೆಲಸಗಳಿಗೂ ಒಂದೇ ಶಬ್ದ ರೂಢಿಯಲ್ಲಿರುವುದು ನಮ್ಮ ದುರದೃಷ್ಟ. ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಎಂಬ ಶಾಸ್ತ್ರಗ್ರಂಥವನ್ನೇ ರಚಿಸಿ ಆ ವಿದ್ಯೆಯ ಕಟ್ಟುಕಟ್ಟಳೆಗಳನ್ನು ನಿರೂಪಿಸಿದ್ದರೂ, ಅಂಕಪಟ್ಟಿಯ ಕಣ್ಣಿಗೆ ಅವರೂ ಒಬ್ಬ ಸಂಕಲನಕಾರರೇ.

ಪ್ರಸ್ತುತ ಲೇಖನದಲ್ಲಿ ವಿದ್ವತ್ತಿನ ಅಳತೆಯನ್ನು ಕುರಿತ ಸಾಮಾನ್ಯ ದೂರುಗಳನ್ನು ಪುನರುಚ್ಚರಿಸುವುದು ನಮ್ಮ ಉದ್ದೇಶವಲ್ಲ. ಪ್ರಕಟಣೆಗಳ ಸಂಖ್ಯೆ, ಸಹಕರ್ತೃತ್ವ, ಉಲ್ಲೇಖ ಈ ಮೂರನ್ನೂ ಎಣಿಸುವ ಪದ್ಧತಿ ಕನ್ನಡ ಸಂಶೋಧನೆಯ ಮೇಲೆ ಪ್ರಯೋಗವಾದಾಗ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ. ಹೊರನಾಡಿನ ವಿಭಾಗಗಳಲ್ಲಿರುವ ನಮಗೆ ಇದು ಕೇವಲ ತಾತ್ತ್ವಿಕ ಚರ್ಚೆಯಲ್ಲ. ಕರ್ನಾಟಕದೊಳಗಿನ ವಿಶ್ವವಿದ್ಯಾನಿಲಯದಲ್ಲಿ ಆಯ್ಕೆ ಸಮಿತಿಯ ಸದಸ್ಯರು ಅಭ್ಯರ್ಥಿಯ ಪುಸ್ತಕವನ್ನು ಓದಿರದಿದ್ದರೂ ಅದರ ಹೆಸರನ್ನಾದರೂ ಕೇಳಿರುತ್ತಾರೆ. ಇಲ್ಲಿ ಸಮಿತಿಯ ಬಹುಮಂದಿಗೆ ಕನ್ನಡದ ಅಕ್ಷರಗಳೇ ಅಪರಿಚಿತ. ಓದಲಾಗದವನಿಗೆ ಸಂಖ್ಯೆಯೇ ಗತಿ.

ಹಿಂದೊಮ್ಮೆ ಇಂತಹ ಸಮಿತಿಯೊಂದರಲ್ಲಿ ವಿಷಯತಜ್ಞರಾಗಿ ಕುಳಿತಿದ್ದೆವು. ಅಭ್ಯರ್ಥಿಯೊಬ್ಬರು ತಾವು ಸಂಪಾದಿಸಿದ ಷಟ್ಪದಿ ಕಾವ್ಯದ ಪ್ರತಿಯನ್ನು ಮೇಜಿನ ಮೇಲಿಟ್ಟಿದ್ದರು. ಅದು ಕೈಯಿಂದ ಕೈಗೆ ದಾಟಿತು, ಯಾರೂ ತೆರೆಯಲಿಲ್ಲ. ಇದರ ಉಲ್ಲೇಖಗಳೆಷ್ಟು ಎಂದು ಅಧ್ಯಕ್ಷರು ವಿನಯದಿಂದಲೇ ಕೇಳಿದರು. ಅಭ್ಯರ್ಥಿ ಉತ್ತರಿಸಲಿಲ್ಲ. ಉತ್ತರಿಸಬೇಕಾಗಿದ್ದವರು ನಾವು. ಆ ಕ್ಷಣದಲ್ಲಿ ನಮ್ಮ ಬಳಿಯೂ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಈ ಬರಹ ಒಂದರ್ಥದಲ್ಲಿ ಆ ಉತ್ತರ, ತಡವಾಗಿ ಬಂದದ್ದು.

ಉಲ್ಲೇಖಸೂಚಿಯ ಹುಟ್ಟನ್ನು ಮೊದಲು ನೋಡೋಣ. ಅದರ ಮೂಲ ವಿಜ್ಞಾನದಲ್ಲಿಲ್ಲ, ನ್ಯಾಯಾಲಯದಲ್ಲಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1873ರಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು ಆರಂಭಿಸಿದ ಸೂಚಿ ವಕೀಲರಿಗಾಗಿ ಸಿದ್ಧವಾದದ್ದು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ಅದು ತಿಳಿಸುತ್ತಿತ್ತು. ಅಷ್ಟೇ ಅಲ್ಲ, ಹೇಗೆ ಉಲ್ಲೇಖಿಸಿವೆ ಎಂಬುದನ್ನೂ ಸಂಕೇತಾಕ್ಷರಗಳಿಂದ ಸೂಚಿಸುತ್ತಿತ್ತು: ಎತ್ತಿಹಿಡಿದಿದೆಯೆ, ಅನುಸರಿಸಿದೆಯೆ, ತಳ್ಳಿಹಾಕಿದೆಯೆ, ಬೇರೆ ಸಂದರ್ಭದ್ದೆಂದು ಬದಿಗಿಟ್ಟಿದೆಯೆ. ರದ್ದಾದ ತೀರ್ಪನ್ನು ಆಧಾರವಾಗಿಟ್ಟುಕೊಂಡು ವಾದಿಸುವ ವಕೀಲ ಸೋಲುವುದು ನಿಶ್ಚಯವಾದ್ದರಿಂದ ಈ ಸಂಕೇತಗಳೇ ಆ ಸೂಚಿಯ ಜೀವ.

ಯೂಜೀನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಈ ಮಾದರಿಯನ್ನು ವಿಜ್ಞಾನಕ್ಕೆ ಅಳವಡಿಸಬೇಕೆಂದು ಸೂಚಿಸಿದರು. ಅವರ ಆಶಯ ಸಾಧುವಾದದ್ದು. ಹಿಂದಿನ ಪ್ರಬಂಧವೊಂದನ್ನು ಯಾರು ಟೀಕಿಸಿದ್ದಾರೆ, ಯಾರು ತಿದ್ದಿದ್ದಾರೆ ಎಂಬುದು ಪ್ರಾಮಾಣಿಕ ವಿದ್ವಾಂಸನಿಗೆ ತಿಳಿಯುವಂತಾಗಬೇಕು. ಹಳಸಿದ ಮಾಹಿತಿಯನ್ನು ಕುರುಡಾಗಿ ಉಲ್ಲೇಖಿಸುವುದು ತಪ್ಪಬೇಕು ಎಂಬುದು. 1964ರಿಂದ ಹೊರಬರತೊಡಗಿದ ವಿಜ್ಞಾನ ಉಲ್ಲೇಖಸೂಚಿ ಆ ಕೆಲಸವನ್ನು ಬೃಹತ್ ಪ್ರಮಾಣದಲ್ಲಿ ಮಾಡಿತು. ಆದರೆ ದಾರಿಯಲ್ಲಿ ಒಂದು ಸಂಗತಿ ಕಳೆದುಹೋಯಿತು: ಶೆಪರ್ಡರ ಸಂಕೇತಾಕ್ಷರಗಳು. ಯಾರು ಯಾರನ್ನು ಉಲ್ಲೇಖಿಸಿದರು ಎಂಬುದು ಉಳಿಯಿತು; ಒಪ್ಪಿ ಉಲ್ಲೇಖಿಸಿದರೋ ಖಂಡಿಸಿ ಉಲ್ಲೇಖಿಸಿದರೋ ಎಂಬುದು ಹೋಯಿತು. ಹುಡುಕುವ ಸಾಧನ ಅಳೆಯುವ ಸಾಧನವಾಗುವುದಕ್ಕೆ ಈ ನಷ್ಟವೇ ಅನುಕೂಲವಾಯಿತೆಂದು ನಮಗೆ ತೋರುತ್ತದೆ. ಗುಣ ಹೋದಮೇಲೆ ಎಣಿಸುವುದು ಸುಲಭ.

ಗ್ರಂಥಾಲಯದ ಕೆಲಸಕ್ಕೆ ಗಣಿತವನ್ನು ತರಬೇಕೆಂಬ ವಿಚಾರ ನಮ್ಮವರಿಗೂ ಹೊಸತಲ್ಲ. ಎಸ್. ಆರ್. ರಂಗನಾಥನ್ ಅವರು 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ 'ಲೈಬ್ರಮೆಟ್ರಿ' ಎಂಬ ಶಬ್ದವನ್ನು ಮುಂದಿಟ್ಟಿದ್ದರು. ಅವರ ಕಣ್ಣೆದುರು ಇದ್ದುದು ಪುಸ್ತಕ ಮತ್ತು ಓದುಗ. ಪುಸ್ತಕ ಬರೆದವನ ಬಡ್ತಿಯಲ್ಲ.

ಮುಂದಿನ ಕಥೆ ಸುಪರಿಚಿತ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಇಂಪ್ಯಾಕ್ಟ್ ಫ್ಯಾಕ್ಟರ್. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಯನ್ನೇ ಅಳೆಯುವ ಎಚ್-ಸೂಚ್ಯಂಕವನ್ನು ಸೂಚಿಸಿದರು: ಒಬ್ಬನ ಹತ್ತು ಬರಹಗಳಿಗೆ ತಲಾ ಹತ್ತಕ್ಕೆ ಕಡಿಮೆಯಿಲ್ಲದಂತೆ ಉಲ್ಲೇಖಗಳಿದ್ದು, ಹನ್ನೊಂದಕ್ಕೆ ಹಾಗಿಲ್ಲದಿದ್ದರೆ ಅವನ ಸೂಚ್ಯಂಕ ಹತ್ತು. ಇವೆರಡನ್ನೂ ನಮ್ಮ ಕ್ಷೇತ್ರಕ್ಕೆ ಹಿಡಿದು ನೋಡಿದರೆ ಆಗುವುದೇನು? ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಬರೊ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿಕೋಶ 1961ರಲ್ಲಿ ಬಂದಾಗ ಅದರ ಕನ್ನಡ ಸಾಮಗ್ರಿಗೆ ಮುಖ್ಯ ಆಕರ ಕಿಟ್ಟೆಲರೇ. ಅರುವತ್ತೇಳು ವರ್ಷಗಳ ಅನಂತರದ ಈ ಋಣ ಎರಡು ವರ್ಷಗಳ ಕಿಂಡಿಯಿಂದ ಕಾಣುವುದಾದರೂ ಹೇಗೆ? ಸಾವಿರ ಕಡೆ ಉಲ್ಲೇಖಗೊಂಡ ಒಂದೇ ನಿಘಂಟನ್ನು ಬರೆದವನ ಎಚ್-ಸೂಚ್ಯಂಕ ಆ ನಿಘಂಟಿನ ಮಟ್ಟಿಗೆ ಒಂದು. ಇದು ಗಣಿತದ ದೋಷವಲ್ಲ. ಭೌತವಿಜ್ಞಾನದಲ್ಲಿ ಸಹಜವಾದ ಪ್ರಕಟಣೆಯ ಲಯವನ್ನು ಕೋಶಕಾರನ ಲಯದ ಮೇಲೆ ಹೊರಿಸಿದುದರ ಫಲ.

ಆದರೆ ಹೆಚ್ಚು ಗಂಭೀರವಾದ ತೊಡಕು ಬೇರೆಯಿದೆ. ಅದನ್ನು ಕವಿರಾಜಮಾರ್ಗದ ಉದಾಹರಣೆಯಿಂದ ವಿಶದಪಡಿಸಬಹುದು.

ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಸಂಪಾದಿಸಿ 1898ರಲ್ಲಿ ಪ್ರಕಟಿಸಿದರು. ಅವರ ವಿದ್ವಜ್ಜೀವನದ ಬಹುಭಾಗ ಕಳೆದುದು ಪುಣೆಯಲ್ಲಿ. 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರು ಮದ್ರಾಸು ವಿಶ್ವವಿದ್ಯಾನಿಲಯದ ಪ್ರಕಟಣೆಯಾಗಿ ಅದೇ ಗ್ರಂಥವನ್ನು ಮತ್ತೆ ಸಂಪಾದಿಸಿದರು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದನ್ನು ಓದುಗರ ಕೈಗೆ ತಲುಪಿಸಿದ ಮೊದಲ ಎರಡು ಮುಖ್ಯ ಹೆಜ್ಜೆಗಳು ಹೊರನಾಡಿನ ಕನ್ನಡ ವಿದ್ವತ್ತಿಗೆ ಸೇರಿದವೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಮುಂದೆ ಎಂ. ವಿ. ಸೀತಾರಾಮಯ್ಯನವರ ಪರಿಷ್ಕರಣವೂ ಬಂದಿತು.

ಈಗ ನಮ್ಮ ಸಂಶೋಧನ ಪ್ರಬಂಧಗಳನ್ನು ತೆರೆದು ನೋಡೋಣ. ಕನ್ನಡನಾಡಿನ ಎಲ್ಲೆಯನ್ನು ಕುರಿತು ಬರೆಯುವವರೆಲ್ಲರೂ ಕವಿರಾಜಮಾರ್ಗದ ಮೊದಲ ಪರಿಚ್ಛೇದದ 36ನೆಯ ಪದ್ಯವನ್ನು ಆಶ್ರಯಿಸುತ್ತಾರೆ. ಅಡಿಟಿಪ್ಪಣಿಯಲ್ಲಿ ಕೊಡುವುದು ಏನನ್ನು? 'ಕ. ರಾ. ಮಾ., 1-36' ಎಂದಿಷ್ಟನ್ನೇ. ಇದು ಶುದ್ಧ ಶಾಸ್ತ್ರೀಯ ಪದ್ಧತಿ. ಯಾವ ಮುದ್ರಣವನ್ನು ಹಿಡಿದರೂ ಓದುಗನಿಗೆ ಪದ್ಯ ಸಿಗಬೇಕೆಂಬ ಸದುದ್ದೇಶ ಅದರ ಹಿಂದಿದೆ. ಆದರೆ ಎಣಿಕೆಯವನ ದೃಷ್ಟಿಯಲ್ಲಿ ಇದರ ಫಲವೇನು? ಉಲ್ಲೇಖ ಸಲ್ಲುವುದು ಒಂಬತ್ತನೆಯ ಶತಮಾನದ ನೃಪತುಂಗನಿಗೋ ಶ್ರೀವಿಜಯನಿಗೋ. ಅವರಿಬ್ಬರಲ್ಲಿ ಯಾರಿಗೆಂಬುದೂ ವಿವಾದ. ಪಾಠಕರಿಗೆ ಸೊನ್ನೆ, ವೆಂಕಟರಾವ್ ಮತ್ತು ಶೇಷ ಅಯ್ಯಂಗಾರ್ಯರಿಗೆ ಸೊನ್ನೆ, ಸೀತಾರಾಮಯ್ಯನವರಿಗೂ ಸೊನ್ನೆ. ಸಂಪಾದಕನ ಪಾಠ ಎಷ್ಟು ನಿರ್ದುಷ್ಟವೋ ಅಷ್ಟು ಮಟ್ಟಿಗೆ ಅವನು ಅದೃಶ್ಯನಾಗುತ್ತಾನೆ. ಪಾಠ ತಪ್ಪಾದಾಗ ಮಾತ್ರ ಅವನ ಹೆಸರು ಅಡಿಟಿಪ್ಪಣಿಗೆ ಬರುತ್ತದೆ: 'ಇಲ್ಲಿ ಪಾಠಕರ ಪಾಠ ಸಾಧುವಲ್ಲ' ಎಂದು. ಹೀಗಾಗಿ ಉತ್ತಮ ಸಂಪಾದಕನಿಗಿಂತ ಅಜಾಗರೂಕನಾದ ಸಂಪಾದಕನೇ ಹೆಚ್ಚು ಉಲ್ಲೇಖಿತನಾಗುವ ಸಂಭವವುಂಟು. ಅಂದು ಸಮಿತಿಯಲ್ಲಿ ನಮಗೆ ಹೊಳೆಯದ ಉತ್ತರ ಇದೇ. ಷಟ್ಪದಿ ಕಾವ್ಯವನ್ನು ಸಂಪಾದಿಸಿದವರ ಉಲ್ಲೇಖಗಳು ಇರುವುದು ಆ ಕಾವ್ಯದ ಕವಿಯ ಹೆಸರಿನಲ್ಲಿ.

ಇದಕ್ಕಿಂತಲೂ ಜಟಿಲವಾದದ್ದು ವಡ್ಡಾರಾಧನೆಯ ಪ್ರಸಂಗ. ಹತ್ತೊಂಬತ್ತು ಕಥೆಗಳ ಈ ಗದ್ಯಕೃತಿಯ ಹೆಸರು, ಕರ್ತೃ, ಕಾಲ ಮೂರೂ ಚರ್ಚಾಸ್ಪದ. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆ 1949ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನ, 1943ರಲ್ಲಿ, ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿದ್ದ ಎ. ಎನ್. ಉಪಾಧ್ಯೆಯವರು ಹರಿಷೇಣನ ಬೃಹತ್ಕಥಾಕೋಶವನ್ನು ಸಂಪಾದಿಸಿ ಮುಂಬಯಿಯ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಪ್ರಕಟಿಸಿದ್ದರು. ಅದರ ಪೀಠಿಕೆಯಲ್ಲಿ ಆರಾಧನಾ ಸಂಪ್ರದಾಯದ ಕಥಾಸಾಹಿತ್ಯದ ವಿಸ್ತೃತ ಸಮೀಕ್ಷೆಯಿದೆ. ಅದರೊಳಗೆ ವಡ್ಡಾರಾಧನೆಯ ವಿಚಾರವೂ ಇದೆ. ಅನಂತರ ಈ ಕೃತಿಯನ್ನು ಕುರಿತು ಗಂಭೀರವಾಗಿ ಬರೆಯುವವರು ಯಾರೂ ಆ ಪೀಠಿಕೆಯನ್ನು ದಾಟಿಹೋಗುವಂತಿಲ್ಲ. ಆದರೆ ಅದನ್ನು ಎಣಿಕೆಯವನು ಎಲ್ಲಿ ಹುಡುಕಬೇಕು? ಕನ್ನಡ ಕೃತಿಯೊಂದರ ಚರ್ಚೆ, ಇಂಗ್ಲಿಷ್ ಭಾಷೆಯಲ್ಲಿ, ಸಂಸ್ಕೃತ ಗ್ರಂಥದ ಪೀಠಿಕೆಯೊಳಗೆ, ಮರಾಠಿ ಪ್ರದೇಶದ ಕಾಲೇಜಿನ ಅಧ್ಯಾಪಕರಿಂದ. ಅದು ಸ್ವತಂತ್ರ ಲೇಖನವಲ್ಲ, ಅಧ್ಯಾಯವೂ ಅಲ್ಲ. ಕೋಷ್ಟಕದಲ್ಲಿ ಪೀಠಿಕೆಗೆ ಸಾಲೇ ಇಲ್ಲ. ಕನ್ನಡ ಸಂಶೋಧನೆಯ ಅತ್ಯುತ್ತಮ ಪುಟಗಳು ಎಲ್ಲಿವೆಯೆಂದು ಕೇಳಿದರೆ, ಪೀಠಿಕೆಗಳಲ್ಲಿ, ಸಂಭಾವನಾ ಗ್ರಂಥಗಳಲ್ಲಿ, ಸಂಸ್ಮರಣ ಸಂಪುಟಗಳಲ್ಲಿ ಎಂದೇ ಹೇಳಬೇಕಾಗುತ್ತದೆ. ಇವು ಯಾವ ಸೂಚಿಯ ಬಲೆಗೂ ಬೀಳದ ಜಾಗಗಳು.

ಲಿಪಿಯ ಪ್ರಶ್ನೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. 2004ರಲ್ಲಿ ಆರಂಭವಾದ ಸ್ಕೋಪಸ್ ಸೂಚಿಗೆ ಒಂದು ನಿಯತಕಾಲಿಕೆ ಸೇರಬೇಕಾದರೆ ಲೇಖನದ ಶೀರ್ಷಿಕೆ ಮತ್ತು ಸಾರಾಂಶ ಇಂಗ್ಲಿಷಿನಲ್ಲಿರಬೇಕು, ಉಲ್ಲೇಖಗಳು ರೋಮನ್ ಲಿಪಿಯಲ್ಲಿರಬೇಕು. ಕನ್ನಡ ಲಿಪಿಯ ಅಡಿಟಿಪ್ಪಣಿ ಅದಕ್ಕೆ ಅಕ್ಷರಶಃ ಓದಲಾಗದ ಸಾಮಗ್ರಿ. ನಿಯಮ ತಂತ್ರದ ಅನುಕೂಲಕ್ಕಾಗಿ ಹುಟ್ಟಿದ್ದಿರಬಹುದು. ಆದರೆ ಓದಲಾಗದ್ದನ್ನು ಇಲ್ಲದ್ದೆಂದು ಲೆಕ್ಕಹಾಕುವುದು ನ್ಯಾಯವಲ್ಲ.

ಹೆಸರುಗಳ ಗೊಂದಲ ಇದಕ್ಕಿಂತ ಸ್ವಾರಸ್ಯಕರ. 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಕರ್ತೃ ಆರ್. ನರಸಿಂಹಾಚಾರ್ಯರು. ಮೊದಲ ಸಂಪುಟದ ಕೆಲಸದಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಜೊತೆಗಿದ್ದರು. ವಡ್ಡಾರಾಧನೆಯ ಸಂಪಾದಕರು ಡಿ. ಎಲ್. ನರಸಿಂಹಾಚಾರ್ಯರು. ಕೊನೆಯ ಭಾಗವನ್ನು ಕುಲನಾಮವೆಂದು ಭಾವಿಸುವ ಯಂತ್ರಕ್ಕೆ ಇವರು ಮೂವರೂ 'ನರಸಿಂಹಾಚಾರ್' ಎಂಬ ಒಂದೇ ಮನೆತನದವರು. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ತಂದೆ, ಕೊನೆಯದೇ ವ್ಯಕ್ತಿನಾಮ. ಅಲ್ಲದೆ ಒಬ್ಬರೇ ಡಿ. ಎಲ್. ಎನ್. ಅವರು ಕನ್ನಡದಲ್ಲಿ 'ನರಸಿಂಹಾಚಾರ್', 'ನರಸಿಂಹಾಚಾರ್ಯ' ಎಂದೂ, ರೋಮನ್ ಲಿಪಿಯಲ್ಲಿ ನಾಲ್ಕೈದು ಕಾಗುಣಿತಗಳಲ್ಲೂ ಚದುರಿಹೋಗಿದ್ದಾರೆ. ಮೂವರು ಒಬ್ಬರಾಗುತ್ತಾರೆ, ಒಬ್ಬರು ಐವರಾಗುತ್ತಾರೆ. ಈ ತೊಂದರೆಯ ನಿವಾರಣೆಗಾಗಿ 2012ರಿಂದ ಆರ್ಕಿಡ್ ಎಂಬ ಹದಿನಾರು ಸ್ಥಾನಗಳ ಗುರುತಿನ ಸಂಖ್ಯೆ ಬಳಕೆಗೆ ಬಂದಿದೆ. ವಚನಕಾರರ ಅಂಕಿತಗಳನ್ನು ಬಲ್ಲವರಿಗೆ ಇದು ಅಪರಿಚಿತ ಉಪಾಯವೇನಲ್ಲ. ಅಂಕಿತವಿದ್ದೂ ಕರ್ತೃತ್ವದ ಗೊಂದಲ ತಪ್ಪಲಿಲ್ಲವೆಂಬುದೂ ಅವರಿಗೆ ಗೊತ್ತು.

ಸಹಕಾರದ ಅಳತೆಗೆ ಬರೋಣ. 2010ರ ನಿಯಮಾವಳಿಯಲ್ಲಿ ಮುಖ್ಯ ಲೇಖಕ ಹಾಗೂ ಮಾರ್ಗದರ್ಶಕರಿಗೆ ಒಟ್ಟು ಅಂಕದ ಶೇಕಡ 60, ಉಳಿದವರೆಲ್ಲರಿಗೆ ಸೇರಿ ಶೇಕಡ 40 ಎಂದಿತ್ತು. 2018ರಲ್ಲಿ ಇದು ಬದಲಾಗಿ, ಇಬ್ಬರೇ ಇದ್ದರೆ ತಲಾ ಶೇಕಡ 70, ಹೆಚ್ಚಿದ್ದರೆ ಮುಖ್ಯ ಲೇಖಕನಿಗೆ 70 ಹಾಗೂ ಉಳಿದವರಿಗೆ ತಲಾ 30 ಆಯಿತು. ಆ ಲೆಕ್ಕದಲ್ಲಿ 1930ರ ಕವಿರಾಜಮಾರ್ಗ ರಾಷ್ಟ್ರೀಯ ಪ್ರಕಾಶನವೆಂದು ಗಣ್ಯವಾದರೆ ಇಬ್ಬರು ಸಂಪಾದಕರಿಗೂ ತಲಾ 5.6. ಇರಲಿ, ಅವರ ಹೆಸರುಗಳಾದರೂ ಮುಖಪುಟದಲ್ಲಿವೆ. ಕನ್ನಡ ವಿದ್ವತ್ತಿನ ಮಹತ್ಕಾರ್ಯಗಳಲ್ಲಿ ಪಾಲ್ಗೊಂಡ ಬಹುಮಂದಿಯ ಹೆಸರು ಎಲ್ಲಿಯೂ ಇಲ್ಲ. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಾಗಿ ಬಂದ ಎಪಿಗ್ರಾಫಿಯ ಕರ್ನಾಟಿಕ ಬಿ. ಎಲ್. ರೈಸರ ಹೆಸರಿನಲ್ಲಿದೆ, ಅದು ಯುಕ್ತವೂ ಹೌದು. ಆದರೆ ಊರೂರು ತಿರುಗಿ ಕಲ್ಲುಗಳನ್ನು ತೊಳೆದು ಅಚ್ಚು ತೆಗೆದವರು, ಸವೆದ ಅಕ್ಷರಗಳನ್ನು ಓದಿ ಬರೆದುಕೊಟ್ಟ ಪಂಡಿತರು ಯಾವ ಶೇಕಡಾವಾರಿಗೆ ಸೇರುತ್ತಾರೆ? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಪ್ರಕಟವಾಯಿತು. ಅದರ ಸಿದ್ಧತೆ ದಶಕಗಳ ಹಿಂದೆಯೇ ತೊಡಗಿತ್ತು. ನಿಘಂಟಿನ ಕಚೇರಿಯಲ್ಲಿ ಕುಳಿತು ಪ್ರಯೋಗಗಳ ಚೀಟಿ ಬರೆದವರನ್ನು ಸಹಕರ್ತೃಗಳೆನ್ನದೆ ಬೇರೇನೆನ್ನಬೇಕು?

ವಿಜಯಪುರದ ಫ. ಗು. ಹಳಕಟ್ಟಿಯವರ ಮಾತನ್ನು ಇಲ್ಲಿ ಹೇಳದಿರಲಾಗದು. ವೃತ್ತಿಯಿಂದ ವಕೀಲರು; ಯಾವ ವಿಶ್ವವಿದ್ಯಾನಿಲಯದ ಪೀಠದಲ್ಲೂ ಇದ್ದವರಲ್ಲ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು, ಸ್ವಂತ ಮುದ್ರಣಾಲಯ ಹಾಕಿದರು, 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ತಮ್ಮದೇ ಪತ್ರಿಕೆಯಲ್ಲಿ, ತಮ್ಮದೇ ಮುದ್ರಣಾಲಯದಲ್ಲಿ, ತಾವೇ ಸಂಪಾದಿಸಿದ್ದು. 2010ರ ಪಟ್ಟಿಯ ಭಾಷೆಯಲ್ಲಿ ಅವರು 'ಸ್ಥಳೀಯ ಪ್ರಕಾಶಕರು'. ಅಂತಹವರ ಪುಸ್ತಕಕ್ಕೆ 15 ಅಂಕ, ಅದೂ ಐಎಸ್‌ಬಿಎನ್ ಇದ್ದರೆ. ವಚನಗಳನ್ನು ಕುರಿತು ಎರಡು ತಲೆಮಾರಿನ ಪ್ರಾಧ್ಯಾಪಕರು ಪಡೆದ ಪದವಿ ಬಡ್ತಿಗಳೆಲ್ಲ ಈ ಹದಿನೈದು ಅಂಕದ ಅಡಿಪಾಯದ ಮೇಲೆ ನಿಂತಿವೆ.

ಇಷ್ಟರವರೆಗೆ ಅಳೆಯುವವನ ದೋಷವನ್ನು ಹೇಳಿದೆವು. ಆದರೆ ವಿಮರ್ಶೆ ಇಲ್ಲಿಗೆ ನಿಂತರೆ ಅದು ಪಕ್ಷಪಾತವಾದೀತು. ನಮ್ಮ ವಿದ್ವತ್ಪರಂಪರೆಯ ಉಲ್ಲೇಖದ ಪದ್ಧತಿಯಲ್ಲೇ ಒಂದು ಬಿರುಕಿದೆ, ಅದು ಹಳೆಯದು.

ನಮ್ಮ ಚಂಪೂಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುತ್ತಾರೆ. ಅದು ಒಂದು ಬಗೆಯ ಉಲ್ಲೇಖಸೂಚಿಯೇ. ಕವಿರಾಜಮಾರ್ಗ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಗದ್ಯಕಾರರೆಂದೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರನ್ನು ಪದ್ಯಕಾರರೆಂದೂ ಹೆಸರಿಸುತ್ತದೆ. ಇವರ ಕನ್ನಡ ಕೃತಿಗಳಾವುವೂ ಅವರ ಹೆಸರಿನಲ್ಲಿ ಇಂದು ಕೈಗೆ ಸಿಗುವುದಿಲ್ಲ. ಅಸಗನನ್ನು ಅನಂತರದ ಕವಿಗಳು ಮತ್ತೆ ಮತ್ತೆ ನೆನೆದಿದ್ದಾರೆ. ಪೊನ್ನನಂತೂ ತಾನು ಕನ್ನಡ ಕವಿತೆಯಲ್ಲಿ ಅಸಗನಿಗಿಂತ ನೂರ್ಮಡಿ ಮಿಗಿಲೆಂದು ಹೇಳಿಕೊಳ್ಳುತ್ತಾನೆ. ಶೆಪರ್ಡರ ಸಂಕೇತಾಕ್ಷರವಿದ್ದಿದ್ದರೆ ಇದಕ್ಕೆ ಏನನ್ನು ಹಾಕುತ್ತಿದ್ದರೋ! ಎಣಿಕೆಯಲ್ಲಿ ಮಾತ್ರ ಅದು ಅಸಗನ ಖಾತೆಗೆ ಇನ್ನೊಂದು ಉಲ್ಲೇಖ. ಹೀಗೆ ಉಲ್ಲೇಖ ತುಂಬ, ಕೃತಿ ಶೂನ್ಯ. ಅಸಗನ ಸಂಸ್ಕೃತ ವರ್ಧಮಾನಚರಿತೆ ಉಳಿದಿದೆ. ಅವನಿಗೆ ಕನ್ನಡದಲ್ಲಿ ಕೀರ್ತಿ ತಂದ ಕಾವ್ಯ ಉಳಿದಿಲ್ಲ.

ಇದಕ್ಕೆ ತದ್ವಿರುದ್ಧವಾದ ಪದ್ಧತಿಯೂ ನಮ್ಮಲ್ಲೇ ಇತ್ತು. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ತನ್ನ ಸೂಕ್ತಿಸುಧಾರ್ಣವದಲ್ಲಿ ಹಿಂದಿನ ಕಾವ್ಯಗಳಿಂದ ಪದ್ಯಗಳನ್ನು ಆರಿಸಿ ವರ್ಣನಾವಿಷಯಗಳ ಪ್ರಕಾರ ಜೋಡಿಸಿದ. ಪದ್ಯದ ಪಕ್ಕದಲ್ಲಿ ಕವಿಯ ಹೆಸರನ್ನು ಬರೆಯಲಿಲ್ಲ. ಯಾವ ಪದ್ಯ ಯಾರದೆಂದು ಕಂಡುಹಿಡಿಯುವುದು ಅನಂತರದ ವಿದ್ವಾಂಸರಿಗೆ ಒಂದು ಪ್ರತ್ಯೇಕ ಸಂಶೋಧನೆಯೇ ಆಯಿತು. ಅವನ ಮಗ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತಾನು ಲಕ್ಷ್ಯವಾಗಿ ಹಿಡಿದ ಗಜಗ, ಗುಣನಂದಿ, ಅಸಗ, ಗುಣವರ್ಮ ಮೊದಲಾದವರನ್ನು ಹೆಸರಿಸುತ್ತಾನೆ. ಆದರೆ ಸೂತ್ರದ ಕೆಳಗೆ ಉದಾಹರಣೆ ಕೊಡುವಾಗ ಬಹುಮಟ್ಟಿಗೆ ಅವನೂ ಮೌನಿ. ಅಪ್ಪನಿಗೆ ಪದ್ಯದ ರುಚಿ ಮುಖ್ಯ, ಮಗನಿಗೆ ಪ್ರಯೋಗದ ಸಾಧುತ್ವ ಮುಖ್ಯ. ಕರ್ತೃವಿನ ಲೆಕ್ಕ ಇಬ್ಬರಿಗೂ ಬೇಡವಾಗಿತ್ತು. ಆ ಕಾಲಕ್ಕೆ ಅದು ದೋಷವಲ್ಲ. ಕೇಳುವವರಿಗೆ ಪದ್ಯದ ಮೊದಲ ಸಾಲಿನಲ್ಲೇ ಕವಿ ಯಾರೆಂದು ತಿಳಿಯುತ್ತಿತ್ತೆಂದು ಊಹಿಸಬಹುದು.

ಇಂದು ನಾವು ಬರೆಯುವ 'ವಿದ್ವಾಂಸರ ಅಭಿಪ್ರಾಯದಲ್ಲಿ', 'ಕೆಲವರು ಹೇಳುವಂತೆ', 'ಈಗಾಗಲೇ ಗುರುತಿಸಿರುವಂತೆ' ಎಂಬ ಮಾತುಗಳು ಆ ಮಲ್ಲಿಕಾರ್ಜುನನ ಮೌನದ ಮುಂದುವರಿಕೆ. ಆದರೆ ಅವನಿಗಿದ್ದ ಸಮರ್ಥನೆ ನಮಗಿಲ್ಲ. ಯಾವ ವಿದ್ವಾಂಸರು? ಕೆಲವರೆಂದರೆ ಯಾರು? ಕನ್ನಡ ಸಂಶೋಧನ ಪ್ರಬಂಧಗಳನ್ನು ಪರೀಕ್ಷಕರಾಗಿ ಓದುವಾಗ ನಮಗೆ ಎದುರಾಗುವ ಸಾಮಾನ್ಯ ದೃಶ್ಯ ಇದು: ತೀರಿಕೊಂಡ ಹಿರಿಯರ ಹೆಸರು ಗೌರವದಿಂದ ಬರುತ್ತದೆ, ಸ್ವಂತ ಮಾರ್ಗದರ್ಶಕರ ಹೆಸರು ಅಗತ್ಯಕ್ಕಿಂತ ಹೆಚ್ಚಾಗಿ ಬರುತ್ತದೆ, ನೆರೆಯ ವಿಶ್ವವಿದ್ಯಾನಿಲಯದ ಸಮವಯಸ್ಕ 'ಕೆಲವರು' ಆಗುತ್ತಾನೆ. ಹೊರನಾಡಿನವರ ಗತಿ ಇನ್ನೂ ಕಷ್ಟ. ಮುಂಬಯಿಯಲ್ಲೋ ಚೆನ್ನೈಯಲ್ಲೋ ಪ್ರಕಟವಾದ ಲೇಖನದ ವಾದ ಕರ್ನಾಟಕದೊಳಗಿನ ಪ್ರಬಂಧದಲ್ಲಿ ಹೆಸರಿಲ್ಲದೆ ಕಾಣಿಸಿಕೊಳ್ಳುತ್ತದೆ. ನಾವೂ ನಮ್ಮ ಆರಂಭದ ಲೇಖನಗಳಲ್ಲಿ ಈ ತಪ್ಪನ್ನು ಮಾಡಿದ್ದೇವೆ. ಅವುಗಳನ್ನು ಈಗ ತೆರೆದಾಗ ನಾಲ್ಕು ಕಡೆಯಾದರೂ ಯಾರ ಅಭಿಪ್ರಾಯವೆಂದು ನಮಗೇ ನೆನಪಾಗುವುದಿಲ್ಲ. ಯಂತ್ರಕ್ಕೆ ನಮ್ಮ ಲಿಪಿ ಬಾರದೆಂದು ದೂರುವ ಮೊದಲು, ಲಿಪಿ ಬಲ್ಲ ಯಂತ್ರವೊಂದು ಬಂದರೆ ಅದು ನಮ್ಮ ಅಡಿಟಿಪ್ಪಣಿಗಳಲ್ಲಿ ಏನನ್ನು ಎಣಿಸೀತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕೆಂದರೆ ಲೇಖನದ ಪುನರ್ಜನ್ಮ. ಲೇಖನ ಮೊದಲು ಪತ್ರಿಕೆಯಲ್ಲಿ, ಆಮೇಲೆ ಸಂಭಾವನಾ ಗ್ರಂಥದಲ್ಲಿ, ಕೊನೆಗೆ ಲೇಖಕರ ಸಮಗ್ರ ಸಂಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಎಂ. ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟಗಳು ಬಂದಮೇಲೆ ಎಲ್ಲರೂ ಸಂಪುಟದ ಪುಟಸಂಖ್ಯೆಯನ್ನೇ ಕೊಡುತ್ತಾರೆ. ಅನುಕೂಲ ನಿಜ. ಆದರೆ ವಾದವೊಂದು ಮೊದಲು ಯಾವ ವರ್ಷ ಮಂಡಿತವಾಯಿತೆಂಬುದು ಮರೆಯಾಗಿ, ಯಾರು ಯಾರಿಗೆ ಉತ್ತರ ಕೊಟ್ಟರೆಂಬ ಕ್ರಮವೇ ತಲೆಕೆಳಗಾಗುತ್ತದೆ. ಮಂಜೇಶ್ವರದಲ್ಲಿ ಕುಳಿತು ಕವಿಕಾಲನಿರ್ಣಯ ಮಾಡಿದ ಗೋವಿಂದ ಪೈ ಅವರ ಲೇಖನಗಳನ್ನು ಮರಣೋತ್ತರ ಸಂಪುಟದ ಇಸವಿಯಿಂದ ಉಲ್ಲೇಖಿಸುವವರು, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವರಿಂದ ವಾದ ಮಾಡಿಸುತ್ತಿರುತ್ತಾರೆ.

ಅಂಕದ ಒತ್ತಡದಿಂದ ಏನಾಗುತ್ತದೆಂಬುದನ್ನು ಆಯೋಗವೇ ಕಂಡಿತು. 2018ರ ಮೇ ತಿಂಗಳಲ್ಲಿ ತನ್ನ ಮಾನ್ಯ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಅದು ತೆಗೆದುಹಾಕಬೇಕಾಯಿತು. ಅನಂತರ ಕೇರ್ ಪಟ್ಟಿ ಬಂದಿತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟಿರುವುದಾಗಿ ಆಯೋಗ ತಿಳಿಸಿತು. ಪತ್ರಿಕೆಯ ಗುಣಮಟ್ಟವನ್ನು ನಿಶ್ಚಯಿಸುವ ಹೊಣೆ ಆಯಾ ಸಂಸ್ಥೆಗಳ ಮೇಲೆ, ಎಂದರೆ ನಮ್ಮಂತಹ ವಿಭಾಗಗಳ ಮೇಲೆ ಬಿದ್ದಿತು. ಪಟ್ಟಿ ಹೋಯಿತೆಂದು ಸಂತೋಷಪಡುವವರು ಆ ಹೊಣೆಯನ್ನು ಗಮನಿಸಿದಂತಿಲ್ಲ.

ಅಳತೆಯೇ ಬೇಡವೆನ್ನುವುದು ನಮ್ಮ ನಿಲುವಲ್ಲ. ಸಂಖ್ಯೆಯಿಲ್ಲದ ಕಾಲದಲ್ಲಿ ನೇಮಕಗಳು ಹೇಗೆ ನಡೆದವೆಂಬುದನ್ನು ಬಲ್ಲವರಿಗೆ ಆ ಕಾಲದ ಬಗೆಗೆ ಮೋಹವಿರಲಾರದು. ಪರಿಚಯ, ಪ್ರಾಂತ, ಪಂಗಡಗಳ ಎದುರು ನಿಂತ ಬಡ ಅಭ್ಯರ್ಥಿಗೆ ಒಂದು ನಿಶ್ಚಿತವಾದ ಪಟ್ಟಿ ರಕ್ಷೆಯೂ ಆಗಿತ್ತು. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳೂ ಎಣಿಕೆಯನ್ನು ನಿಷೇಧಿಸುವುದಿಲ್ಲ. ಅದು ತಜ್ಞರ ತೀರ್ಮಾನಕ್ಕೆ ಪೂರಕವಾಗಿರಬೇಕೆನ್ನುತ್ತವೆ. ಸ್ಥಳೀಯ ಮಹತ್ವವುಳ್ಳ ಸಂಶೋಧನೆಯ ಉತ್ಕೃಷ್ಟತೆಯನ್ನು ರಕ್ಷಿಸಬೇಕೆಂಬುದು ಅದರ ಮೂರನೆಯ ಸೂತ್ರ. ಸ್ಪ್ಯಾನಿಷ್ ಭಾಷೆಯ ಸಮಾಜವಿಜ್ಞಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಆದರೆ ತಜ್ಞರ ತೀರ್ಮಾನವೆಂದರೆ ತಜ್ಞನು ಓದಿ ಬಂದಿರಬೇಕು, ಬರೆದು ಕೊಡಬೇಕು. ಮೇಜಿನ ಮೇಲೆ ಪುಸ್ತಕ ದಾಟಿಹೋಗುವಾಗ ಸುಮ್ಮನೆ ಕುಳಿತಿರುವುದಲ್ಲ.

ಆ ಪ್ರಸಂಗದ ಬಳಿಕ ವಿಷಯತಜ್ಞರಾಗಿ ಕರೆದಲ್ಲಿಗೆ ನಾವು ಇಂಗ್ಲಿಷಿನಲ್ಲಿ ಬರೆದ ಎರಡು ಪುಟಗಳ ಟಿಪ್ಪಣಿಯೊಂದನ್ನು ಒಯ್ಯತೊಡಗಿದ್ದೇವೆ. ಅಭ್ಯರ್ಥಿ ಎಷ್ಟು ಹಸ್ತಪ್ರತಿಗಳನ್ನು ನೋಡಿದ್ದಾರೆ, ಅವು ಎಲ್ಲಿದ್ದವು, ಹಿಂದಿನ ಮುದ್ರಣಕ್ಕಿಂತ ಎಷ್ಟು ಕಡೆ ಪಾಠ ಬೇರೆಯಾಗಿದೆ, ಅದರಿಂದ ಅರ್ಥ ಎಲ್ಲಿ ಬದಲಾಯಿತು, ಅನಂತರದ ಯಾವ ಬರಹಗಳು ಈ ಪಾಠವನ್ನು ಆಧರಿಸಿವೆ ಎಂಬಿಷ್ಟು ಅದರಲ್ಲಿರುತ್ತದೆ. ಕೊನೆಯ ಅಂಶವನ್ನು ಸಿದ್ಧಪಡಿಸುವುದೇ ಕಷ್ಟ. ಹೆಸರಿಲ್ಲದ ಉಲ್ಲೇಖಗಳನ್ನು ಪದ್ಯಪಾಠದಿಂದ ಪತ್ತೆಹಚ್ಚಬೇಕು. ಸೂಕ್ತಿಸುಧಾರ್ಣವದ ಪದ್ಯಗಳ ಆಕರ ಹುಡುಕುವ ಕೆಲಸಕ್ಕಿಂತ ಅದೇನೂ ಭಿನ್ನವಲ್ಲ. ಸಮಿತಿಗಳು ಈ ಟಿಪ್ಪಣಿಯನ್ನು ಒಮ್ಮೆ ಓದಿವೆ, ಎರಡು ಬಾರಿ ಕಡತಕ್ಕೆ ಸೇರಿಸಿವೆ.

ಈ ಸಂಶೋಧನ ಪತ್ರಿಕೆಗೆ ಬರೆಯುವವರಲ್ಲಿ ನಮ್ಮ ಕೋರಿಕೆ ಚಿಕ್ಕದು. 'ಕ. ರಾ. ಮಾ., 1-36' ಎಂದು ಬರೆದ ಮೇಲೆ ಒಂದು ಅಲ್ಪವಿರಾಮ ಹಾಕಿ, 'ಸಂ. ಪಾಠಕ, 1898' ಎಂದೋ 'ಸಂ. ವೆಂಕಟರಾವ್ ಮತ್ತು ಶೇಷ ಅಯ್ಯಂಗಾರ್, 1930' ಎಂದೋ ಸೇರಿಸಿರಿ. ಮರುಮುದ್ರಿತ ಲೇಖನವಾದರೆ ಮೊದಲ ಪ್ರಕಟಣೆಯ ಇಸವಿಯನ್ನೂ ಕೊಡಿರಿ. 'ಕೆಲವರು' ಎಂಬ ಶಬ್ದ ಕಂಡ ಹಸ್ತಪ್ರತಿಯನ್ನು ಹೆಸರು ಕೇಳಿ ಹಿಂದಿರುಗಿಸಬೇಕೆಂದು ಸಂಪಾದಕ ಮಂಡಳಿಗೂ ಸೂಚಿಸಿದ್ದೇವೆ. ಮಂಡಳಿ ಇನ್ನೂ ನಿರ್ಣಯ ಕೈಗೊಂಡಿಲ್ಲ. ಕೆಲವರ ಆಕ್ಷೇಪಣೆ ಇದೆಯಂತೆ.